ರನ್ಸ್‌ವಿಕ್‌ಗೆ ಬಾಯಿಮಾತಿನ ಕರೆ

ಕೀಥ್ಲಿಯಲ್ಲಿ ನೋರೀನ್ ಹಾಲ್‌ರಾಯ್ಡ್ ಯಾರೆಂದು ಗೊತ್ತಿಲ್ಲದವರು ಕಡಿಮೆ. ಗುಡ್ಡದ ಮೇಲಿನ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಊಟಕ್ಕೆ ಅಡುಗೆ ಮಾಡುವವಳು ಅವಳು. ಬಡಿಸಿದ್ದನ್ನು ತಟ್ಟೆಯಲ್ಲಿ ಬಿಟ್ಟು ಅವಳಿಂದ ಬೈಸಿಕೊಂಡ ಹುಡುಗರು ಈಗ ಮೀಸೆ ಹೊತ್ತ ಗಂಡಸರಾಗಿದ್ದಾರೆ. ಸಂತೆಯಲ್ಲಿ ಅವಳು ಎದುರಾದರೆ ಇವತ್ತಿಗೂ ಪಕ್ಕದ ಅಂಗಡಿಗೆ ಸರಿದುಕೊಳ್ಳುತ್ತಾರೆ. ಕೆಲಸದಲ್ಲಿ ಅಷ್ಟು ಗಟ್ಟಿ ಹೆಂಗಸು. ಆದರೆ ಅವಳ ನಿಜವಾದ ದರ್ಬಾರು ನಡೆಯುತ್ತಿದ್ದದ್ದು ಒಲೆಯ ಮುಂದೆ ಅಲ್ಲ, ಬೆಳಗಿನ ಚಹಾದ ಬಿಡುವಿನಲ್ಲಿ, ಬೇಸಿಗೆ ರಜದ ನಕ್ಷೆಯನ್ನು ಮೇಜಿನ ಮೇಲೆ ಹಾಸಿದಾಗ.

ಕ್ರಿಸ್‌ಮಸ್ ಅಲಂಕಾರ ಇಳಿಸಿದ ವಾರವೇ ನಕ್ಷೆ ಹೊರಬರುತ್ತಿತ್ತು. ಹೊರಗೆ ಹಿಮ ಬಿದ್ದು ಕಿಟಕಿ ಬೆಳ್ಳಗಾಗಿರುವಾಗ ಒಳಗೆ ನೋರೀನ್ ಬೆರಳು ಅವಳು ಪ್ರತಿ ಬೇಸಿಗೆ ಹೋಗುವ ರನ್ಸ್‌ವಿಕ್ ಕೊಲ್ಲಿಯ ಅಂಚಿನಲ್ಲಿ ನಡೆಯುತ್ತಿತ್ತು. ಯಾವ ದಿನ ಬಂಡೆಯ ಮೇಲಿನ ದಾರಿ ಹಿಡಿದು ಕೆಟಲ್‌ನೆಸ್‌ಗೆ, ಯಾವ ದಿನ ಕಾಡುಬಯಲಿಗೆ ಹತ್ತಿ ಹೆದರ್ ಹೂ ನೋಡುವುದು, ಗಾಳಿ ಬೀಸಿದರೆ ಯಾವ ಗೋಡೆಯ ಮರೆಯಲ್ಲಿ ಕೂತು ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುವುದು, ಎಲ್ಲ ಈಗಲೇ ಗೊತ್ತಾಗಬೇಕು. ಅವಳ ಗಂಡ ವಿಲ್ಫ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಅವನಿಗೂ ಅದರ ಬಗ್ಗೆ ದೂರಿರಲಿಲ್ಲ.

“ಮಳೆ ಬಂದ್ರೆ?” ಎಂದು ಜಾಯ್ಸ್ ಪ್ರತಿ ವರ್ಷ ಕೇಳುತ್ತಿದ್ದಳು. ತರಕಾರಿ ಹೆಚ್ಚುವ ಜಾಯ್ಸ್‌ಗೆ ನಾಲಿಗೆಯೂ ಚಾಕುವಷ್ಟೇ ಹರಿತ.

“ಬಂದ್ರೆ ಬರಲಿ. ಕಾರಲ್ಲಿ ಕೂತು ಸಮುದ್ರ ನೋಡ್ತಾ ತಿಂತೀವಿ.”

“ಕಾರಲ್ಲೇ ಕೂತು ತಿನ್ನೋದಾದ್ರೆ ನಿಮ್ಮನೆ ಮುಂದೇನೇ ತಿನ್ನಬಹುದಲ್ಲೇ. ಪೆಟ್ರೋಲಾದ್ರೂ ಉಳಿಯುತ್ತೆ.”

ಆ ಚಳಿಗಾಲ ಮೇಜಿನ ತುದಿಯಲ್ಲಿ ಒಬ್ಬ ಹೊಸಬಳಿದ್ದಳು. ಪಾತ್ರೆ ತೊಳೆಯಲು ಸೇರಿದ ಎನಿಡ್ ಸಗ್ಡನ್. ಎತ್ತರದ ಆಳು, ಅಗಲವಾದ ಮೂಳೆ, ಐವತ್ತರ ಆಸುಪಾಸು. ಕಟ್ಟಿಸಿಕೊಂಡ ಹಲ್ಲು ಮಾತಿನ ನಡುವೆ ಟಕ್ ಎನ್ನುತ್ತಿತ್ತು. ಕೆಲಸ ಮಾಡುತ್ತಾ ಪ್ರಾರ್ಥನೆಯ ಹಾಡು ಗುನುಗುತ್ತಿದ್ದಳು, ತಮಾಷೆಗೆ ಎಲ್ಲರೂ ನಕ್ಕು ಮುಗಿದ ಮೇಲೆ ನಗುತ್ತಿದ್ದಳು. ಅವಳಪ್ಪ ಒಂದು ಸಣ್ಣ ಚಾಪೆಲ್ಲಿನಲ್ಲಿ ಉಪದೇಶ ಮಾಡುತ್ತಿದ್ದವನು. ಬಾಯಿಂದ ಹೊರಟ ಒಂದೊಂದು ಮಾತಿಗೂ ಮೇಲಿನವನ ಮುಂದೆ ಉತ್ತರ ಹೇಳಬೇಕು ಎಂದು ಕಲಿಸಿದ್ದ. ಅಪ್ಪ ಹೋದ ಮೇಲೆ ಅಮ್ಮ ಹಾಸಿಗೆ ಹಿಡಿದಳು. ಅವಳನ್ನು ನೋಡಿಕೊಳ್ಳುವುದರಲ್ಲೇ ಎನಿಡ್‌ಳ ವಯಸ್ಸು ಕಳೆಯಿತು. ಹಿಂದಿನ ವರ್ಷ ಅಮ್ಮನೂ ತೀರಿಕೊಂಡಿದ್ದಳು.

“ಸಮುದ್ರ ನೋಡಿದ್ದೀಯಾ ಎನಿಡ್?” ಎಂದು ಜಾಯ್ಸ್ ಕೇಳಿದಳು.

“ಒಂದ್ಸಲ. ಚಾಪೆಲ್‌ನೋರು ಮೋರ್‌ಕ್ಯಾಂಬ್‌ಗೆ ಕರ್ಕೊಂಡು ಹೋಗಿದ್ರು, ಚಿಕ್ಕೋಳಿದ್ದಾಗ. ಆವತ್ತು ನೀರು ಇಳಿದಿತ್ತು. ಬರೀ ಕೆಸರು. ಸಮುದ್ರ ಅಲ್ಲೆಲ್ಲೋ ಇದೆ ಅಂತ ಕೈ ತೋರಿಸಿದ್ರು.”

ಜಾಯ್ಸ್ ನಕ್ಕಳು. ಎನಿಡ್ ನಕ್ಷೆಯ ನೀಲಿ ಬಣ್ಣವನ್ನೇ ನೋಡುತ್ತಿದ್ದಳು, ಹಸಿದವರು ಬೇರೆಯವರ ತಟ್ಟೆ ನೋಡುವ ಹಾಗೆ. ನೋರೀನ್‌ಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದಕ್ಕೆ ಏನಾದರೂ ಹೇಳಬೇಕಲ್ಲ, ಹೇಳಿದಳು.

“ನೀನೂ ಒಂದ್ಸಲ ನಮ್ಮ ಜೊತೆ ಬಾರೇ ಎನಿಡ್.”

ನಮ್ಮ ಕಡೆ ಇಂಥ ಕರೆಗೆ ಒಂದು ಕಾನೂನಿದೆ. ಬರೆದಿಟ್ಟವರಿಲ್ಲ, ಮುರಿದವರೂ ಇಲ್ಲ. ಒಬ್ಬರು “ಒಂದ್ಸಲ ಬನ್ನಿ” ಅನ್ನಬೇಕು. ಇನ್ನೊಬ್ಬರು “ಅಯ್ಯೋ, ಎಷ್ಟು ಚೆನ್ನಾಗಿರುತ್ತೆ ಅಲ್ವಾ” ಅನ್ನಬೇಕು. ಅಲ್ಲಿಗೆ ಇಬ್ಬರಿಗೂ ಹಿತವಾಗಿ, ಯಾರೂ ಎಲ್ಲಿಗೂ ಹೋಗದೆ, ಮಾತು ಮುಗಿಯುತ್ತದೆ. ಕರೆದವರ ಮನೆಗೆ ಹೊರಟೇಬಿಟ್ಟವರನ್ನು ನಮ್ಮ ಅಜ್ಜಿಯರೂ ಕಂಡಿರಲಿಲ್ಲ.

ಎನಿಡ್ ತಲೆಯೆತ್ತಿ, “ಯಾವ ದಿನ ಹೊರಡೋದು?” ಅಂದಳು.

ಜಾಯ್ಸ್ ಮೂಗಿಗೆ ಚಹಾ ಏರಿ ಕೆಮ್ಮಿದಳು. ನೋರೀನ್, “ಓ, ಇನ್ನೂ ಬೇಕಾದಷ್ಟು ಟೈಮಿದೆ,” ಎಂದು ನಕ್ಷೆ ಮಡಚಿಟ್ಟಳು. ಆವತ್ತೇ, ಆ ಮೇಜಿನ ಮುಂದೆಯೇ, ಸುಮ್ಮನೆ ಬಾಯಿಮಾತಿಗೆ ಅಂದೆ ಕಣೇ ಎಂದಿದ್ದರೆ ಒಂದು ನಿಮಿಷದ ಮುಜುಗರದಲ್ಲಿ ಕಥೆ ಮುಗಿಯುತ್ತಿತ್ತು. ಆದರೆ ನಮ್ಮಲ್ಲಿ ಮುಖಕ್ಕೆ ಮುಖ ಕೊಟ್ಟು ಬೇಡ ಅನ್ನುವುದಕ್ಕಿಂತ ಬೆನ್ನ ಹಿಂದೆ ಹತ್ತು ಸುಳ್ಳು ಹೇಳುವುದು ಮರ್ಯಾದೆ. ನೋರೀನ್ ಮರ್ಯಾದಸ್ತ ಹೆಂಗಸು.

ವಸಂತ ಬರುವಷ್ಟರಲ್ಲಿ ಎನಿಡ್ ಗುಡ್ಡ ನಡೆಯುವ ಬೂಟು ಕೊಂಡಳು. ಹೊಸ ಚರ್ಮ ಕಾಲಿಗೆ ಒಗ್ಗಲಿ ಎಂದು ಅದನ್ನೇ ಹಾಕಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಕಲ್ಲುನೆಲದ ಮೇಲೆ ಅದರ ಸದ್ದು ಇಡೀ ಅಡುಗೆಮನೆಗೆ ಕೇಳುತ್ತಿತ್ತು. ತನ್ನದೇ ಒಂದು ನಕ್ಷೆಯನ್ನೂ ತಂದುಕೊಂಡಳು. ಹಾಲ್‌ರಾಯ್ಡ್ ದಂಪತಿ ಪ್ರತಿ ವರ್ಷ ಹೋಗುವ ವಾರ ಯಾವುದು, ಗಾಳಿಗೆ ಮರೆಯಾಗುವ ಗೋಡೆ ಯಾವುದು, ಕಾಡುಬಯಲಿಗೆ ಹತ್ತುವ ದಾರಿಯಲ್ಲಿ ತಿರುವು ಎಲ್ಲಿ, ಎಲ್ಲ ನೋರೀನ್ ಬಾಯಿಂದಲೇ ಕೇಳಿ ಕೇಳಿ ಅವಳಿಗೆ ಕಂಠಪಾಠವಾಗಿತ್ತು.

“ನಿನ್ನ ಜೊತೆಗಾತಿ ತಯಾರಾಗಿದ್ದಾಳೆ ನೋಡು,” ಎಂದು ಜಾಯ್ಸ್ ಕಣ್ಣು ಮಿಟುಕಿಸಿದಳು. “ದಾರಿಯುದ್ದಕ್ಕೂ ದೇವರ ಹಾಡು ಪುಕ್ಕಟೆ.”

ಮನೆಯಲ್ಲಿ ನೋರೀನ್ ಗಂಡನ ಮುಂದೆ ಗೋಳು ತೋಡಿಕೊಂಡಳು. ವಿಲ್ಫ್ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

“ಕರ್ಕೊಂಡು ಬಾ. ಆ ಬಾಡಿಗೆ ಮನೇಲಿ ಹಿಂದಿನ ರೂಮು ಖಾಲಿ ತಾನೇ ಬಿದ್ದಿರೋದು?”

“ಅವಳ ಹಲ್ಲಿನ ಸದ್ದು ಒಂದು ವಾರ ಕೇಳೋಕೆ ನನ್ ಕೈಲಾಗಲ್ಲ.”

“ನಿನ್ನ ತೊಂದರೆ ಹಲ್ಲಿಂದಲ್ಲ ಬಿಡು,” ಎಂದ ವಿಲ್ಫ್. “ಮಿಸೆಸ್ ವೆರಿಲ್‌ದು.”

ಗಂಡ ಸೋಮಾರಿಯೇ ಹೊರತು ದಡ್ಡನಲ್ಲ. ಮಿಸೆಸ್ ವೆರಿಲ್ ಎಂದರೆ ರನ್ಸ್‌ವಿಕ್‌ನಲ್ಲಿ ಅವರಿಗೆ ಪ್ರತಿ ಬೇಸಿಗೆ ಬಾಡಿಗೆಗೆ ಮನೆ ಕೊಡುವ ಮೀನುಗಾರನೊಬ್ಬನ ವಿಧವೆ. ಮೊದಲ ವರ್ಷ ಅವರು ಏನು ಕೆಲಸ ಎಂದು ಕೇಳಿದಾಗ ನೋರೀನ್, “ಸ್ಕೂಲಲ್ಲಿದ್ದೀನಿ,” ಅಂದಿದ್ದಳು. “ಓ, ಟೀಚರಾ?” ಎಂದು ಆಕೆ ಕಣ್ಣರಳಿಸಿದರು. ನೋರೀನ್ ಅಲ್ಲ ಅನ್ನಲಿಲ್ಲ. ಅಷ್ಟೇ, ಬೇರೆ ಪಾಪವೇನೂ ಮಾಡಲಿಲ್ಲ. ಆದರೆ ಅಲ್ಲಿಂದ ಆ ಕೊಲ್ಲಿಯಲ್ಲಿ ಅವಳು ಟೀಚರ್. ಅಂಗಡಿಯವನು ಟೀಚರ್ ಅನ್ನುತ್ತಿದ್ದ, ಚಾಪೆಲ್ಲಿನ ಹೆಂಗಸರು ಮೊಮ್ಮಕ್ಕಳ ಓದಿನ ಬಗ್ಗೆ ಸಲಹೆ ಕೇಳುತ್ತಿದ್ದರು, ಅವಳು ಕೊಡುತ್ತಲೂ ಇದ್ದಳು. ವರ್ಷದಲ್ಲಿ ಒಂದು ವಾರ ಏಪ್ರನ್ನಿನ ವಾಸನೆ ಬಿಟ್ಟು ಬೇರೊಬ್ಬಳಾಗಿ ಇರುವ ಆ ಸುಖ ಅವಳಿಗೆ ಸಮುದ್ರಕ್ಕಿಂತ ದೊಡ್ಡದಾಗಿತ್ತು. ಎನಿಡ್ ಬಂದರೆ ಮೊದಲನೇ ಸಂಜೆಯೇ “ನಮ್ಮ ಅಡುಗೆಮನೇಲಿ” ಎಂದು ಶುರು ಮಾಡುತ್ತಾಳೆ. ಸುಳ್ಳು ಅವಳ ನಾಲಿಗೆಗೇ ಗೊತ್ತಿಲ್ಲ.

“ಅಡುಗೆ ಮಾಡೋದೇನು ಕಳ್ಳತನವಾ?” ಎಂದ ವಿಲ್ಫ್.

“ನಿಂಗರ್ಥ ಆಗಲ್ಲ.”

“ಆಗುತ್ತೆ. ಅದಕ್ಕೇ ಕೇಳಿದ್ದು.”

ರಜಕ್ಕೆ ಶಾಲೆ ಮುಚ್ಚುವ ಕೆಲವು ವಾರ ಮುಂಚೆ ನೋರೀನ್ ಎನಿಡ್ ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ಹೋಗಿ, ಸೋಪಿನ ನೊರೆ ನೋಡುತ್ತಾ, ವಿಲ್ಫ್‌ಗೆ ಬೆನ್ನು ಹಿಡಿದುಕೊಂಡಿದೆ, ಈ ವರ್ಷ ಎಲ್ಲಿಗೂ ಹೋಗುವ ಹಾಗಿಲ್ಲ ಎಂದಳು. ಎನಿಡ್ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಅವಳ ತೋಳು ಹಿಡಿದಳು.

“ಪಾಪ. ನನ್ನ ಬಗ್ಗೆ ಯೋಚನೆ ಮಾಡಬೇಡಿ ನೋರೀನ್. ಮೊದ್ಲು ಅವರು ಹುಷಾರಾಗಲಿ.”

ಇಷ್ಟಕ್ಕೆ ಮುಗಿದಿದ್ದರೆ ನೋರೀನ್ ಪುಣ್ಯವಂತೆ. ಎನಿಡ್ ದಿನಾ ಬೆಳಿಗ್ಗೆ ಬೆನ್ನು ಹೇಗಿದೆ ಎಂದು ಕೇಳತೊಡಗಿದಳು. ಅಮ್ಮನಿಗೆ ಹಚ್ಚುತ್ತಿದ್ದ ಎಣ್ಣೆಯ ಬಾಟಲಿ ತಂದುಕೊಟ್ಟಳು. ದಿಂಬು ಎಲ್ಲಿ ಇಡಬೇಕು ಎಂದು ಹೇಳಿಕೊಟ್ಟಳು. ಅವಳು ಸಂಜೆ ಅದೇ ಬೀದಿಯಲ್ಲಿ ಮನೆಗೆ ಹೋಗುವವಳಾದ್ದರಿಂದ, ತೋಟದಲ್ಲಿ ಆಲೂಗಡ್ಡೆ ಅಗೆಯುತ್ತಿದ್ದ ವಿಲ್ಫ್‌ನನ್ನು ನೋರೀನ್ ಓಡಿ ಹೋಗಿ ಒಳಗೆಳೆದುಕೊಳ್ಳಬೇಕಾಯಿತು. ಸಂತೆಗೆ ಹೋದರೆ ಸ್ವಲ್ಪ ಬಗ್ಗಿ ನಡಿ ಎಂದು ಅವನಿಗೆ ಹೇಳಿದಳು. ಒಂದು ಶನಿವಾರ ಅವನು ನಿಜವಾಗಿ ಬಗ್ಗಿ ನಡೆದ. ಸೊಂಟಕ್ಕೆ ಕೈ ಇಟ್ಟು ಚೀಸ್ ಅಂಗಡಿ ದಾಟುವಾಗ ಅವನ ಕಿವಿ ಕೆಂಪಾಗಿತ್ತು.

ಶಾಲೆ ಮತ್ತೆ ತೆರೆಯುವ ಹಿಂದಿನ ವಾರ, ಊರು ಇನ್ನೂ ಏಳದ ಬೆಳಗಿನಲ್ಲಿ, ಇಬ್ಬರೂ ಕಾರು ಹತ್ತಿ ರನ್ಸ್‌ವಿಕ್‌ಗೆ ಹೋದರು. ಕಡಿದಾದ ಇಳಿಜಾರಿನಲ್ಲಿ ಒಂದರ ಹೆಗಲ ಮೇಲೆ ಒಂದು ಕೂತ ಮನೆಗಳು, ಕೆಳಗೆ ಮರಳು, ಗಾಳಿಗೆ ಉಪ್ಪಿನ ರುಚಿ. ಮಿಸೆಸ್ ವೆರಿಲ್ ಬಾಗಿಲಲ್ಲೇ, “ಬಂದ್ರಾ ಟೀಚರ್,” ಎಂದರು. ನೋರೀನ್‌ಗೆ ಉಸಿರು ಸರಾಗವಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ?

ಮಾರನೆಯ ಮಧ್ಯಾಹ್ನ ಚಾಪೆಲ್ಲಿನ ಹೆಂಗಸರ ಚಹಾಕೂಟವಿತ್ತು. ಮಿಸೆಸ್ ವೆರಿಲ್ ಇಬ್ಬರನ್ನೂ ಕರೆದುಕೊಂಡು ಹೋದರು. ಬೆಂಚುಗಳನ್ನು ಹೊರಗಿನ ಬಿಸಿಲಿಗೆ ಸಾಗಿಸಬೇಕಿತ್ತು, ಗಂಡಸು ಎಂದು ಸಿಕ್ಕಿದ್ದು ವಿಲ್ಫ್ ಒಬ್ಬನೇ. ಅವನು ಒಂದು ಉದ್ದನೆಯ ಓಕ್ ಬೆಂಚನ್ನು ಹೆಗಲಿಗೆ ಏರಿಸಿಕೊಂಡು ಬಾಗಿಲ ಕಡೆ ತಿರುಗಿದ. ಹಾಗೇ ನಿಂತುಬಿಟ್ಟ.

ಬಾಗಿಲ ಪಕ್ಕದ ಮೇಜಿನಲ್ಲಿ ಎನಿಡ್ ಕೂತಿದ್ದಳು. ಕೈಯಲ್ಲಿ ಚಹಾ ಬಟ್ಟಲು, ಕಾಲಲ್ಲಿ ಕೆಸರು ಮೆತ್ತಿದ ಬೂಟು, ಮುಖ ಗಾಳಿಗೆ ಕೆಂಪಾಗಿ ಹತ್ತು ವರ್ಷ ಚಿಕ್ಕದಾಗಿತ್ತು. ಒಬ್ಬಳೇ ಬಸ್ಸು ಬದಲಾಯಿಸಿ ಬಂದು, ಚಾಪೆಲ್ಲಿನವರ ಮನೆಯೊಂದರಲ್ಲಿ ಉಳಿದುಕೊಂಡಿದ್ದಳು. ಬೂಟು ಒಗ್ಗಿತ್ತಲ್ಲ, ಇನ್ನೇನು ಮಾಡಬೇಕಿತ್ತು?

“ಇವರೂ ನಿಮ್ಮೂರಿನೋರೇ ಟೀಚರ್,” ಎಂದರು ಮಿಸೆಸ್ ವೆರಿಲ್ ಸಂಭ್ರಮದಿಂದ, ಆಮೇಲೆ ಎನಿಡ್ ಕಡೆ ತಿರುಗಿದರು. “ಇವರು ನಮ್ಮ ಮಿಸೆಸ್ ಹಾಲ್‌ರಾಯ್ಡ್. ಕೀಥ್ಲೀಲಿ ಟೀಚರ್. ನೀವಿಬ್ರೂ ಪರಿಚಯದೋರೇ ಇರಬೇಕು.”

ಎನಿಡ್ ನೋರೀನ್‌ಳನ್ನು ನೋಡಿದಳು. ಆಮೇಲೆ ವಿಲ್ಫ್‌ನನ್ನು, ಅವನ ಹೆಗಲ ಮೇಲಿನ ಬೆಂಚನ್ನು ನೋಡಿದಳು. ಆ ಮುಖದಲ್ಲಿ ಒಂದೊಂದೇ ವಿಷಯ ಅರ್ಥವಾಗುತ್ತಾ ಹೋದದ್ದು ನೋರೀನ್‌ಗೆ ಕಾಣಿಸಿತು. ಬೆನ್ನು ನೋವು ಇಲ್ಲ ಎಂಬುದು ಮೊದಲು, ಟೀಚರ್ ಎಂಬುದು ಆಮೇಲೆ, ತನ್ನನ್ನು ಯಾರೂ ಕರೆದಿರಲೇ ಇಲ್ಲ ಎಂಬುದು ಕಡೆಗೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನೋರೀನ್‌ಗೆ. ಈಗ ಇವಳು ಬಾಯಿ ತೆರೆಯುತ್ತಾಳೆ, ಇವಳಪ್ಪ ಕಲಿಸಿದ ನಿಜವನ್ನು ಇಡೀ ಕೊಲ್ಲಿಗೆ ಹೇಳುತ್ತಾಳೆ ಎಂದು ಕಾದಳು.

ಎನಿಡ್‌ಳ ಹಲ್ಲು ಟಕ್ ಎಂದಿತು.

“ಇಲ್ಲ,” ಅಂದಳು. “ಕೀಥ್ಲಿ ದೊಡ್ಡ ಊರು.” ಸ್ವಲ್ಪ ತಡೆದು, “ಟೀಚರಾ? ಮಕ್ಕಳು ಅದೃಷ್ಟವಂತರು,” ಎಂದು ಬಟ್ಟಲಿನ ಕಡೆ ಬಗ್ಗಿದಳು.

ಮಿಸೆಸ್ ವೆರಿಲ್‌ಗೆ ಇನ್ನೂ ಹೇಳುವುದಿತ್ತು. “ಎಂಥಾ ಮನಸ್ಸು ನೋಡಿ ಇವರದ್ದು. ಇವರ ಜೊತೆ ಸ್ನೇಹಿತರೊಬ್ಬರು ಬರಬೇಕಿತ್ತಂತೆ, ಅವರ ಯಜಮಾನರಿಗೆ ಬೆನ್ನು ನೋವಾಗಿ ನಿಂತುಹೋಯ್ತಂತೆ. ಅವರಿಗೆ ಅಂತ ವಿಟ್‌ಬಿಗೆ ಹೋಗಿ ಕಿಪ್ಪರ್ ಮೀನು ಕಟ್ಟಿಸಿಕೊಂಡು ಬಂದಿದ್ದಾರೆ. ಇಂಥಾ ಸ್ನೇಹಿತರು ಯಾರಿಗೆ ಸಿಗ್ತಾರೆ ಹೇಳಿ.”

ಮೇಜಿನ ಮೇಲೆ ಕಾಗದದ ಪೊಟ್ಟಣವಿತ್ತು. ಹೊಗೆಯಾಡಿಸಿದ ಮೀನಿನ ವಾಸನೆ ಬರುತ್ತಿತ್ತು. ಎನಿಡ್ ಅದನ್ನು ಮೆಲ್ಲಗೆ ತನ್ನ ಮಡಿಲಿಗೆ ಎಳೆದುಕೊಂಡಳು. ಕದ್ದವಳು ಅವಳೇ ಏನೋ ಅನ್ನುವ ಹಾಗೆ.

ಆ ವಾರದ ಉಳಿದ ದಿನಗಳಲ್ಲಿ ಒಂದೇ ಒಂದು ಮೋಡ ಬರಲಿಲ್ಲ. ಆದರೆ ನೋರೀನ್ ಚಳಿಗಾಲದಲ್ಲಿ ಗುರುತು ಹಾಕಿಟ್ಟ ಯಾವ ದಾರಿಯಲ್ಲೂ ನಡೆಯಲಾರದೆ ಹೋದಳು. ಅದೇ ದಾರಿಗಳಲ್ಲಿ, ಅದೇ ಕ್ರಮದಲ್ಲಿ, ಅವಳ ಮಾತನ್ನು ನಂಬಿಕೊಂಡು ಎನಿಡ್ ನಡೆಯುತ್ತಿದ್ದಳು. ದೂರದ ಬಂಡೆಯ ಅಂಚಿನಲ್ಲಿ ಒಂದು ಎತ್ತರದ ಆಕೃತಿ ಕಂಡರೂ ನೋರೀನ್ ವಿಲ್ಫ್‌ನ ತೋಳು ಹಿಡಿದು ಕಾರಿನ ಕಡೆ ತಿರುಗುತ್ತಿದ್ದಳು. ಗಂಡ ಹೆಂಡತಿ ಉರಿಬಿಸಿಲಿನಲ್ಲಿ ಕಾರಿನ ಗಾಜು ಏರಿಸಿಕೊಂಡು ಕೂತು ಮೊಟ್ಟೆ ಸ್ಯಾಂಡ್‌ವಿಚ್ ತಿಂದರು.

“ಹೋಗಿ ಮಾತಾಡು,” ಎಂದ ವಿಲ್ಫ್.

“ಏನಂತ?”

ವಿಲ್ಫ್ ಇನ್ನೊಂದು ಸ್ಯಾಂಡ್‌ವಿಚ್ ಬಿಚ್ಚಿದ.

ಶಾಲೆ ತೆರೆಯುವ ಮುನ್ನಾದಿನ ಅಡುಗೆಮನೆ ತೊಳೆಯಲು ಎಲ್ಲರೂ ಸೇರಿದರು. ಎನಿಡ್ ಚೀಲದಿಂದ ಪೊಟ್ಟಣ ತೆಗೆದು ನೋರೀನ್ ಮುಂದಿಟ್ಟಳು.

“ವಿಲ್ಫ್ ಅವರಿಗೆ ಅಂತ ತಂದೆ. ಬೆನ್ನು ಹೇಗಿದೆ ಈಗ?”

ಮಾತಿನಲ್ಲಿ ಕೊಂಕು ಇದ್ದಿದ್ದರೆ ನೋರೀನ್ ಬದುಕಿಕೊಳ್ಳುತ್ತಿದ್ದಳು. ಕೊಂಕನ್ನು ಎದುರಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಕೇಳಿದವಳ ದನಿಯಲ್ಲಿ ಬರೀ ದಾಕ್ಷಿಣ್ಯವಿತ್ತು. ಪಕ್ಕದಲ್ಲಿ ಜಾಯ್ಸ್ ಕಿವಿ ನಿಮಿರಿಸಿ ನಿಂತಿದ್ದಾಳೆ, ಅವಳ ಮುಂದೆ ನಿನ್ನ ಮಾನ ಕಾಯುತ್ತೇನೆ ಎಂಬಂತಿತ್ತು ಆ ದನಿ.

“ಪರವಾಗಿಲ್ಲ,” ಎಂದಳು ನೋರೀನ್. ನಿಜ ಹೇಳಲು ಅದೂ ಒಂದು ಬಾಗಿಲಾಗಿತ್ತು. ಅದನ್ನೂ ಅವಳೇ ಮುಚ್ಚಿದಳು.

ಮನೆಯಲ್ಲಿ ಮೀನು ಸುಟ್ಟು ತಟ್ಟೆಗೆ ಹಾಕಿದಾಗ ವಿಲ್ಫ್ ಅದನ್ನು ಬಹಳ ಹೊತ್ತು ನೋಡಿದ.

“ಎಸೆದ್ರೆ ಇನ್ನೂ ದೊಡ್ಡ ಪಾಪ,” ಎಂದು ತಿನ್ನಲು ಶುರು ಮಾಡಿದ. ಅರ್ಧಕ್ಕೆ ನಿಲ್ಲಿಸಿ, “ಒಂದು ಹೇಳು. ನಾಳೆಯಿಂದ ನಾನು ಬಗ್ಗಿ ನಡೀಬೇಕಾ, ನೆಟ್ಟಗೆ ನಡೀಬೇಕಾ?” ಎಂದ.

ನೋರೀನ್ ಅಳಲು ಶುರು ಮಾಡಿದಳು. ವಿಲ್ಫ್ ಎದ್ದು ಕೆಟಲ್ ಒಲೆಗಿಟ್ಟ. ಮೀನಿನ ವಾಸನೆ ಪರದೆಗಳಿಗೆ ಹತ್ತಿಕೊಂಡು ಒಗೆದರೂ ಹೋಗಲಿಲ್ಲ.

ಆ ವರ್ಷ ಕ್ರಿಸ್‌ಮಸ್ ಅಲಂಕಾರ ಇಳಿಸಿದ ಮೇಲೆ ನಕ್ಷೆ ಹೊರಬರಲಿಲ್ಲ. “ಏನೇ, ಸಮುದ್ರ ಒಣಗಿಹೋಯ್ತಾ?” ಎಂದು ಜಾಯ್ಸ್ ಕೆಣಕಿದರೂ ನೋರೀನ್ ಚಹಾ ಬಗ್ಗಿಸಿಕೊಂಡು ಒಲೆಯ ಕಡೆ ಹೋದಳು. ಒಳಗೊಳಗೆ ಅವಳು ಒಂದು ನಿರ್ಧಾರಕ್ಕೆ ಬಂದಿದ್ದಳು. ಎನಿಡ್‌ಳನ್ನು ಕರೆಯಬೇಕು, ಈ ಸಲ ನಿಜವಾಗಿ. ಆದರೆ ಆ ಸುಳ್ಳು ಆ ಕೊಲ್ಲಿಯಲ್ಲಿ ಕೂತಿರುವಾಗ ಕರೆದರೆ, ನನ್ನ ಜೊತೆ ನೀನೂ ಸುಳ್ಳು ಹೇಳು ಬಾ ಎಂದಂತೆ. ಒಂದು ಭಾನುವಾರ ಅವಳು ಮಿಸೆಸ್ ವೆರಿಲ್‌ಗೆ ಫೋನು ಮಾಡಿದಳು.

“ನಾನು ಟೀಚರ್ ಅಲ್ಲ ಮಿಸೆಸ್ ವೆರಿಲ್. ಆ ಸ್ಕೂಲಲ್ಲಿ ಅಡುಗೆ ಮಾಡ್ತೀನಿ. ನೀವು ಟೀಚರ್ ಅಂದ್ರಿ, ನಾನು ಸುಮ್ಮನಿದ್ದೆ.”

ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

“ಅಡುಗೆ ಅಂದ್ರೆ, ಕಸ್ಟರ್ಡ್ ಮಾಡೋಕೆ ಬರುತ್ತಾ?” ಎಂದರು ಮಿಸೆಸ್ ವೆರಿಲ್.

“ಬರುತ್ತೆ.”

“ಇಷ್ಟು ವರ್ಷ ಹೇಳಬಾರದಿತ್ತಾ ಮಾರಾಯ್ತಿ. ಚಾಪೆಲ್ ಚಹಾಕ್ಕೆ ನಮ್ಮ ಮಾರ್ಜರಿ ಮಾಡೋ ಕಸ್ಟರ್ಡ್‌ನಲ್ಲಿ ಗೋಡೆ ಕಟ್ಟಬಹುದು. ಈ ಸಲ ನೀನೇ ಮಾಡು.”

ಟೀಚರ್ ಎಂಬ ಪದವಿ ಅಷ್ಟು ಸುಲಭವಾಗಿ ಉದುರಿಹೋಯಿತು. ಆಕಾಶ ಕಳಚಿ ಬೀಳಲಿಲ್ಲ. ಫೋನು ಕೆಳಗಿಟ್ಟ ಮೇಲೆ ನೋರೀನ್‌ಗೆ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಇಷ್ಟು ಅಗ್ಗದ ವಸ್ತುವನ್ನು ಕಾಪಾಡಿಕೊಳ್ಳಲು ತಾನು ಒಬ್ಬ ಒಳ್ಳೆ ಹೆಂಗಸನ್ನೇ ಬೆಲೆಯಾಗಿ ಕೊಟ್ಟುಬಿಟ್ಟೆನಲ್ಲ ಅನ್ನಿಸಿತು.

ಮಾರನೆಯ ದಿನ ಚಹಾದ ಬಿಡುವಿಗೂ ಕಾಯದೆ ಅವಳು ನಕ್ಷೆ ಹಿಡಿದುಕೊಂಡು ತೊಟ್ಟಿಯ ಹತ್ತಿರ ಹೋದಳು. ಎನಿಡ್ ಗುನುಗುತ್ತಾ ಮಧ್ಯಾಹ್ನಕ್ಕೆ ಬೇಕಾದ ತಟ್ಟೆಗಳನ್ನು ತೊಳೆಯುತ್ತಿದ್ದಳು. ಕಾಲಲ್ಲಿ ಅದೇ ಬೂಟು.

“ಎನಿಡ್, ಈ ಬೇಸಿಗೇಲಿ ನಮ್ಮ ಜೊತೆ ರನ್ಸ್‌ವಿಕ್‌ಗೆ ಬಾ. ಹಿಂದಿನ ರೂಮು ನಿಂದೇ. ಮಿಸೆಸ್ ವೆರಿಲ್‌ಗೆ ನಾನ್ಯಾರು ಅಂತ ಹೇಳಿದ್ದೀನಿ. ಎಲ್ಲಾ ಹೇಳಿದ್ದೀನಿ.”

ಗುನುಗು ನಿಂತಿತು. ಎನಿಡ್ ತಿರುಗಿ ನಕ್ಕಳು, ತಡವಾಗಿ ಅಲ್ಲ, ಸರಿಯಾದ ಹೊತ್ತಿಗೆ, ಎಲ್ಲರೂ ನಗುವ ಹಾಗೆ.

“ಅಯ್ಯೋ, ಎಷ್ಟು ಚೆನ್ನಾಗಿರುತ್ತೆ ಅಲ್ವಾ,” ಅಂದಳು.

“ನಾನು ಬಾಯಿಮಾತಿಗೆ ಕರೀತಿಲ್ಲ ಎನಿಡ್. ನಿಜವಾಗ್ಲೂ ಕರೀತಿದ್ದೀನಿ.”

“ಗೊತ್ತು ನೋರೀನ್. ಕರೆದಿರಲ್ಲ, ಅಷ್ಟೇ ಸಾಕು. ಯಾವತ್ತಾದ್ರೂ ಒಂದ್ಸಲ ಹೋಗೋಣ.”

ಅವಳಪ್ಪ ಕಲಿಸಿದ್ದನ್ನು ಮರೆಸಿ ನಮ್ಮೂರಿನ ಕಾನೂನನ್ನು ಅವಳಿಗೆ ಪೂರ್ತಿ ಕಲಿಸಿದ್ದು ನೋರೀನ್. ಟೀಚರ್ ಆಗಿ ಅವಳು ಮಾಡಿದ ಪಾಠ ಅದೊಂದೇ. ಮಡಚಿದ ನಕ್ಷೆ ಹಿಡಿದು ಅಲ್ಲೇ ನಿಂತಿದ್ದಳು, ಯಾವ ದಿನ ಹೊರಡೋದು ಎಂದು ಎನಿಡ್ ಕೇಳಬಹುದೇನೋ ಎಂದು. ಎನಿಡ್ ತೊಟ್ಟಿಯ ನಲ್ಲಿ ತಿರುಗಿಸಿ ಮುಂದಿನ ತಟ್ಟೆ ಕೈಗೆತ್ತಿಕೊಂಡಳು.